ಚೆನ್ನೈನ ಸಂತ ತೋಮಸ್ ಟೂರು: ಗೈಡಿಗೆ ಐದು ಸ್ಟಾರ್, ಕಂಪನಿಗೆ ಎರಡು

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ತಲೆಗೆ 1,800 ರೂಪಾಯಿ. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ನಾಲ್ಕೂವರೆಗೆ ವಾಪಸ್. ಎ.ಸಿ. ಟೆಂಪೊ ಟ್ರಾವೆಲರ್, ಒಂದೊಂದು ನೀರಿನ ಬಾಟಲಿ, ಮಧ್ಯಾಹ್ನದ ಊಟ, ಗೈಡು. 'ಎಲ್ಲ ಪ್ರವೇಶ ಶುಲ್ಕ ಸೇರಿದೆ' ಎಂದು ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಈ ಚರ್ಚುಗಳಲ್ಲಿ ಒಳಗೆ ಹೋಗುವುದಕ್ಕೆ ಯಾರೂ ಯಾರನ್ನೂ ದುಡ್ಡು ಕೇಳುವುದಿಲ್ಲ, ಅದು ಬೇರೆ ಮಾತು. ಸಾಂತೋಮ್ ಬೆಸಿಲಿಕಾ, ಸೈದಾಪೇಟೆಯ ಚಿನ್ನಮಲೈ, ಆಮೇಲೆ ಪರಂಗಿಮಲೈ ಎಂದು ಕರೆಯುವ ಸೇಂಟ್ ಥಾಮಸ್ ಮೌಂಟ್, ಈ ಮೂರು ಜಾಗ. ಇಂಥದೇ ಪ್ಯಾಕೇಜನ್ನು ಚೆನ್ನೈನಲ್ಲಿ ಹಲವರು ಮಾರುತ್ತಾರೆ. ಹಾಗಾಗಿ ಕಂಪನಿ ಯಾವುದು ಎನ್ನುವುದಕ್ಕಿಂತ ಏನು ಕೇಳಿ ಬುಕ್ ಮಾಡಬೇಕು ಎನ್ನುವುದನ್ನು ಬರೆಯುತ್ತೇನೆ.

ನಾನು ಅಂಚೆ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಊರು ಭದ್ರಾವತಿ. ಕ್ರೈಸ್ತನಲ್ಲ. ಏಸುವಿನ ಶಿಷ್ಯರಲ್ಲಿ ಒಬ್ಬನಾದ ತೋಮಸ್ ನನಗೆ ಪರಿಚಯವಾಗಿದ್ದು ಸ್ಟ್ಯಾಂಪಿನಿಂದ. 1964ರಲ್ಲಿ ನಮ್ಮ ಸರ್ಕಾರ ಹದಿನೈದು ಪೈಸೆಯ ಸ್ಟ್ಯಾಂಪ್ ತಂದಿತ್ತು, ಗಡ್ಡದ ಮುಖ, ಕೆಳಗೆ ಸಂತ ತೋಮಸ್ ಎಂದು ಹೆಸರು. ಆ ಮುಖ ಮದರಾಸಿನದಲ್ಲ, ಇಟಲಿಯ ಒರ್ತೋನಾ ಎಂಬ ಊರಿನ ಚರ್ಚಿನಲ್ಲಿರುವ ಮೂರ್ತಿಯದು. ಭಾರತಕ್ಕೆ ಬಂದು ಭಾರತದಲ್ಲೇ ಸತ್ತ ಎನ್ನುವ ಮನುಷ್ಯನಿಗೆ ಇಟಲಿಯ ಮುಖ ಯಾಕೆ ಎಂಬ ಪ್ರಶ್ನೆ ಆಲ್ಬಮ್ಮಿನಲ್ಲಿ ಅಂಟಿಸಿಟ್ಟಂತೆ ಅಲ್ಲೇ ಉಳಿದಿತ್ತು. 1973ರಲ್ಲಿ ಇನ್ನೊಂದು ಸ್ಟ್ಯಾಂಪ್ ಬಂತು. ಪ್ರಶ್ನೆ ಮಾತ್ರ ಹಾಗೇ ಇತ್ತು.

ಜೊತೆಗೆ ನಮ್ಮನೆಯವಳು, ಪಕ್ಕದ ಮನೆಯ ಬಾಯಮ್ಮ. ಬಾಯಮ್ಮನ ತವರು ಉಡುಪಿ ಹತ್ತಿರದ ಕಲ್ಯಾಣಪುರ, ಮನೆಮಾತು ಕೊಂಕಣಿ. ಮಗಳು ಚೆನ್ನೈನಲ್ಲಿರುವುದರಿಂದ ನಾವು ಆಗಾಗ ಹೋಗುತ್ತೇವೆ. ಈ ಸಲ ಬಾಯಮ್ಮನೂ ಹೊರಟರು. "ಪೋಸ್ಟ್ ಮಾಸ್ಟ್ರೇ, ನಿಮಗೆ ಸ್ಟ್ಯಾಂಪು, ನನಗೆ ಸಮಾಧಿ" ಎಂದರು.

ಬುಕ್ ಮಾಡಿದಾಗ ಕಂಪನಿಯವರು ಕಳಿಸಿದ ಪಾಂಪ್ಲೆಟ್ಟಿನಲ್ಲಿ ಎಲ್ಲವೂ ಕಣ್ಣಾರೆ ಕಂಡಂತೆ ಬರೆದಿದೆ. ಕ್ರಿ.ಶ. 52ರಲ್ಲಿ ತೋಮಸ್ ಕೇರಳದ ಕೊಡುಂಗಲ್ಲೂರಿಗೆ ಬಂದಿಳಿದರು, 72ರಲ್ಲಿ ಚೆನ್ನೈನ ಮೈಲಾಪುರದಲ್ಲಿ ಹುತಾತ್ಮರಾದರು, ಇಲ್ಲಿ ಕೂತರು, ಇಲ್ಲಿ ನಿಂತರು, ಈ ಕೈಗುರುತು ಅವರದೇ. ಓದಿ ನಾನು ಸ್ವಲ್ಪ ಹಿಂದೇಟು ಹಾಕಿದೆ. ಆದರೆ ಬೆಳಿಗ್ಗೆ ಸಿಕ್ಕ ಗೈಡು ಆ ಪಾಂಪ್ಲೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಇದು ಕಂಪನಿದು ಸಾರ್, ನಂದು ಬೇರೆ" ಎಂದರು. ಕನ್ನಡದಲ್ಲೇ ಎಂದರು! ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರಂತೆ, ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಅರ್ಧ ತಮಿಳು ಬೆರೆತ ಕೋಲಾರದ ಕನ್ನಡ. ಉಳಿದ ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ಹೇಳಿ ಆಮೇಲೆ ನಮ್ಮ ಕಡೆ ತಿರುಗಿ ಮತ್ತೆ ಹೇಳುತ್ತಿದ್ದರು. ಎರಡನೆಯ ಸಲದ್ದು ಯಾವಾಗಲೂ ಉದ್ದವಾಗಿರುತ್ತಿತ್ತು.

ಸಾಂತೋಮ್ ಬಗ್ಗೆ ಕಟ್ಟಡದ ಮಾತು ಬೇಗ ಮುಗಿಸುತ್ತೇನೆ. ಈಗಿರುವ ಬಿಳಿ ಚರ್ಚು ಬ್ರಿಟಿಷರ ಕಾಲದ್ದು, 1896ರಲ್ಲಿ ಪ್ರತಿಷ್ಠೆಯಾದದ್ದು. ಎತ್ತರದ ಗೋಪುರ 155 ಅಡಿ. ನಡುವೆ ಇನ್ನೊಂದು ಚಿಕ್ಕ ಗೋಪುರವಿದೆ, ಅದು ಸಮಾಧಿ ಇರುವ ಜಾಗವನ್ನು ತೋರಿಸುತ್ತದೆ. ಸಮಾಧಿಗೆ ಹೊರಗಿನಿಂದಲೇ ಬೇರೆ ಬಾಗಿಲಿದೆ, ಮೆಟ್ಟಿಲಿಳಿದು ಹೋಗಬೇಕು. ಒಳಗೆ ತಂಪು. ಗಾಜಿನ ಹಿಂದೆ ಮಲಗಿದ ಭಂಗಿಯ ಮೂರ್ತಿ. ಬಾಯಮ್ಮ ಮೊಣಕಾಲೂರಿ "ಮ್ಹಜ್ಯಾ ಸೊಮಿಯಾ, ಮ್ಹಜ್ಯಾ ದೆವಾ" ಎಂದು ಮೆಲ್ಲಗೆ ಹೇಳಿಕೊಂಡರು. ಏಸು ಸತ್ತು ಎದ್ದದ್ದನ್ನು ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದು ಹಟ ಹಿಡಿದಿದ್ದ ತೋಮ, ಕೊನೆಗೆ ಆಡಿದ ಮಾತೇ ಅದಂತೆ. ನಾವಿಬ್ಬರೂ ಸುಮ್ಮನೆ ಹಿಂದೆ ಕೂತೆವು. ಗೈಡು ಅಲ್ಲಿ ಒಂದಕ್ಷರ ಮಾತಾಡಲಿಲ್ಲ. ಇದು ನನಗೆ ಹಿಡಿಸಿತು. ಪ್ರಾರ್ಥನೆ ಮಾಡುವವರ ತಲೆಯ ಮೇಲೆ ನಿಂತು ಲೆಕ್ಚರ್ ಕೊಡುವ ಗೈಡುಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಮೇಲೆ ಬಂದು ಅಂಗಳದ ನೆರಳಿನಲ್ಲಿ ಕೂರಿಸಿ ಕತೆ ಶುರು ಮಾಡಿದರು. ಈ 1,800 ರೂಪಾಯಿಯಲ್ಲಿ 1,500 ಆ ಕತೆಗೇ ಹೋಯಿತು ಎಂದು ನಾನು ಲೆಕ್ಕ ಬರೆದುಕೊಂಡಿದ್ದೇನೆ.

ತೋಮನ ಕತೆ ಮೊದಲು ಬರಹಕ್ಕೆ ಬಂದದ್ದು ಮದರಾಸಿನಲ್ಲೂ ಅಲ್ಲ, ಕೇರಳದಲ್ಲೂ ಅಲ್ಲ. ಮೂರನೇ ಶತಮಾನದ ಆರಂಭದಲ್ಲಿ, ಸಿರಿಯಾಕ್ ಭಾಷೆಯಲ್ಲಿ. ಬರೆದ ಜಾಗ ಎಡೆಸ್ಸಾ, ಅಂದರೆ ಇವತ್ತಿನ ಟರ್ಕಿಯ ಉರ್ಫಾ, ಎಂದು ಬಲ್ಲವರು ಹೇಳುತ್ತಾರೆ. 'ತೋಮನ ಕೃತ್ಯಗಳು' ಎಂದು ಆ ಪುಸ್ತಕದ ಹೆಸರು. ಬೈಬಲ್ಲಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಏಸುವಿನ ಶಿಷ್ಯರೆಲ್ಲ ಜೆರುಸಲೇಮಿನಲ್ಲಿ ಸೇರಿ ಲೋಕವನ್ನು ಹಂಚಿಕೊಳ್ಳಲು ಚೀಟಿ ಎತ್ತುತ್ತಾರೆ. ತೋಮನಿಗೆ ಭಾರತ ಬರುತ್ತದೆ. ಅವನು ಒಲ್ಲೆ ಎನ್ನುತ್ತಾನೆ. ಮೈಯಲ್ಲಿ ಕಸುವಿಲ್ಲ, ನಾನು ಇಬ್ರಿಯ, ಅಂದರೆ ಯೆಹೂದಿ, ಅಲ್ಲಿಯ ಜನಕ್ಕೆ ಹೇಗೆ ಬೋಧಿಸಲಿ ಎನ್ನುತ್ತಾನೆ. ರಾತ್ರಿ ಏಸುವೇ ಬಂದು ಹೆದರಬೇಡ ಎಂದರೂ ಕೇಳುವುದಿಲ್ಲ: ಬೇರೆ ಎಲ್ಲಿಗಾದರೂ ಕಳಿಸು, ಅಲ್ಲಿಗೆ ಮಾತ್ರ ಬೇಡ. ವರ್ಗಾವಣೆ ಆರ್ಡರ್ ಬಂದಾಗ ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಬರುತ್ತಿದ್ದವರನ್ನು ನಾನೂ ಕಂಡಿದ್ದೇನೆ.

ಆಗ ಏಸು ಮಾಡುವ ಉಪಾಯ ಯಾವ ಪುರಾಣಕ್ಕೂ ಕಡಿಮೆಯಿಲ್ಲ. ಗುಂಡಫೋರ ಎಂಬ ಭಾರತದ ರಾಜನಿಗೆ ಬಡಗಿ ಬೇಕಾಗಿದ್ದಾನೆ. ಹುಡುಕಿಕೊಂಡು ಹಬ್ಬಾನ್ ಎಂಬ ವ್ಯಾಪಾರಿ ಬಂದಿದ್ದಾನೆ. ನಡುಮಧ್ಯಾಹ್ನ ಸಂತೆಯಲ್ಲಿ ಏಸು ಅವನನ್ನು ತಡೆದು, ನನ್ನ ಹತ್ತಿರ ಒಬ್ಬ ಆಳಿದ್ದಾನೆ, ಕೊಳ್ಳುತ್ತೀಯಾ ಎಂದು ಕೇಳುತ್ತಾನೆ. ಬೆಲೆ ಕುದುರುತ್ತದೆ. ಬಡಗಿ ಯೋಸೇಫನ ಮಗನಾದ ಏಸು ಎಂಬ ನಾನು ನನ್ನ ಆಳನ್ನು ಮಾರಿದ್ದೇನೆ ಎಂದು ಕ್ರಯಪತ್ರವೂ ಆಗುತ್ತದೆ. ಹಬ್ಬಾನ್ ತೋಮನನ್ನು ಕರೆದು, ಇವರು ನಿನ್ನ ಒಡೆಯರೋ ಎಂದು ಕೇಳುತ್ತಾನೆ. ತೋಮ ಅಲ್ಲ ಎನ್ನುವ ಹಾಗಿಲ್ಲ! ಹೌದು, ನನ್ನ ಒಡೆಯರೇ ಎನ್ನುತ್ತಾನೆ. "ಸರಿ, ನಿನ್ನನ್ನು ಕೊಂಡಿದ್ದೇನೆ." ತೋಮ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಾರನೇ ದಿನ ಹೊರಡುವಾಗ ಅವನ ಕೈಯಲ್ಲಿ ಇದ್ದದ್ದು ಅವನನ್ನು ಮಾರಿ ಬಂದ ದುಡ್ಡು ಮಾತ್ರ, ಏಸು ಅದನ್ನು ಅವನಿಗೇ ಕೊಟ್ಟುಬಿಟ್ಟಿದ್ದ. ಹಡಗಿನಲ್ಲಿ ಹಬ್ಬಾನ್ ಏನೇನು ಕೆಲಸ ಬಲ್ಲೆ ಎಂದು ವಿಚಾರಿಸುತ್ತಾನೆ. ಮರದಲ್ಲಾದರೆ ನೇಗಿಲು, ನೊಗ, ದೋಣಿ, ಹುಟ್ಟು. ಕಲ್ಲಿನಲ್ಲಾದರೆ ಕಂಬ, ಗುಡಿ, ಅರಮನೆ.

ಅರಮನೆಯ ಭಾಗ ಕೇಳುವಾಗ ನಮ್ಮನೆಯವಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ರಾಜ ಜಾಗ ತೋರಿಸಿ ಕಟ್ಟು ಎನ್ನುತ್ತಾನೆ. ಈಗಲ್ಲ, ಚಳಿಗಾಲದಲ್ಲಿ ಕಟ್ಟುತ್ತೇನೆ ಎನ್ನುತ್ತಾನೆ ತೋಮ. ಎಲ್ಲರೂ ಬೇಸಿಗೆಯಲ್ಲಿ ಕಟ್ಟುತ್ತಾರಲ್ಲಪ್ಪ ಎಂದು ರಾಜನಿಗೆ ಆಶ್ಚರ್ಯ. ಆದರೂ ದುಡ್ಡು ಕೊಡುತ್ತಾನೆ. ತೋಮ ಅಷ್ಟನ್ನೂ ಬಡಬಗ್ಗರಿಗೆ ಹಂಚುತ್ತಾನೆ. ಕೆಲಸ ಎಲ್ಲಿಗೆ ಬಂತು ಎಂದು ರಾಜ ಹೇಳಿ ಕಳಿಸಿದರೆ, ಎಲ್ಲ ಮುಗಿದಿದೆ, ಚಾವಣಿ ಒಂದು ಬಾಕಿ ಎಂಬ ಉತ್ತರ. ಚಾವಣಿಗೂ ದುಡ್ಡು ಬರುತ್ತದೆ, ಅದೂ ಬಡವರಿಗೇ ಹೋಗುತ್ತದೆ. ಎಸ್ಟಿಮೇಟ್ ಇಲ್ಲ, ಬಿಲ್ ಇಲ್ಲ, ಯುಟಿಲೈಸೇಶನ್ ಸರ್ಟಿಫಿಕೇಟ್ ಇಲ್ಲ. ನಮ್ಮ ಇಲಾಖೆಯಲ್ಲಿದ್ದಿದ್ದರೆ ಮೊದಲ ಕಂತಿಗೇ ಅಮಾನತು. ರಾಜ ಬಂದು ನೋಡಿದರೆ ಬಯಲು. ಎಲ್ಲಿದೆ ಅರಮನೆ? ಈಗ ಕಾಣಿಸುವುದಿಲ್ಲ ಪ್ರಭು, ಸತ್ತ ಮೇಲೆ ಕಾಣುತ್ತದೆ. ಸೆರೆಮನೆಗೆ ಹಾಕಿಸುತ್ತಾನೆ, ಚರ್ಮ ಸುಲಿದು ಸುಡಬೇಕೆಂದು ನಿಶ್ಚಯಿಸುತ್ತಾನೆ. ಅದೇ ರಾತ್ರಿ ರಾಜನ ತಮ್ಮ ಗಾದ್ ಸಾಯುತ್ತಾನೆ. ದೇವದೂತರು ಅವನಿಗೆ ಸ್ವರ್ಗದ ಮನೆಗಳನ್ನು ತೋರಿಸುತ್ತಾ, ಯಾವುದು ಬೇಕು ಎನ್ನುತ್ತಾರೆ. ಒಂದನ್ನು ಮೆಚ್ಚಿ, ಇದರ ಕೆಳಗಿನ ಕೋಣೆಯಾದರೂ ಸಾಕು ಎಂದರೆ, ಅದು ನಿನ್ನ ಅಣ್ಣನದು, ತೋಮ ಕಟ್ಟಿದ್ದು ಎಂಬ ಉತ್ತರ. ಹೆಣಕ್ಕೆ ಬಟ್ಟೆ ಸುತ್ತುತ್ತಿರುವಾಗ ಗಾದ್‌ಗೆ ಜೀವ ಬರುತ್ತದೆ, ಎದ್ದವನೇ ಅಣ್ಣನ ಕೈಹಿಡಿದು, ಆ ಮನೆ ನನಗೆ ಮಾರು ಎಂದು ಗೋಗರೆಯುತ್ತಾನೆ.

ಇಷ್ಟು ಹೇಳಿ ಗೈಡು ನಿಲ್ಲಿಸಿ, "ಇದು ಕತೆ. ಈಗ ನಾಣ್ಯ" ಎಂದರು. ನನ್ನ ಕಿವಿ ನೆಟ್ಟಗಾಯಿತು. ಗುಂಡಫೋರ ಎಂಬ ರಾಜ ಇದ್ದನೆನ್ನುವುದಕ್ಕೆ ಈ ಕತೆ ಬಿಟ್ಟರೆ ಯುರೋಪಿನವರಿಗೆ ಬೇರೆ ಆಧಾರ ಗೊತ್ತಿರಲಿಲ್ಲ. 1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಎಂಬಾತ ಆಫ್ಘಾನಿಸ್ತಾನದಲ್ಲಿ ಹಳೆಯ ನಾಣ್ಯಗಳನ್ನು ಕೂಡಿಸುತ್ತಾ ಹೋದಾಗ ಗೊಂಡೊಫಾರೆಸ್ ಎಂಬ ಹೆಸರಿನ ನಾಣ್ಯಗಳು ಸಿಕ್ಕವು. ಆಮೇಲೆ ಪೇಶಾವರದ ಕಡೆಯ ತಖ್ತ್-ಇ-ಬಾಹಿಯ ಶಾಸನ ಸಿಕ್ಕಿತು, ಈಗ ಲಾಹೋರ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಅವನ ಆಳ್ವಿಕೆಯ 26ನೇ ವರ್ಷದ ಉಲ್ಲೇಖವಿದೆ. ಲೆಕ್ಕ ಹಾಕಿದರೆ ಕ್ರಿ.ಶ. 46ರ ಸುಮಾರು. ಅಂದರೆ ತೋಮ ಬದುಕಿದ್ದಿರಬಹುದಾದ ಕಾಲವೇ. ಆದರೆ ಜಾಗ? ತಕ್ಷಶಿಲೆಯ ಕಡೆ, ವಾಯವ್ಯ ಗಡಿ. ನಾವು ಕೂತಿದ್ದ ಬಂಗಾಳ ಕೊಲ್ಲಿಯ ದಡಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ! ರಾಜ ನಿಜವಾದ ಮಾತ್ರಕ್ಕೆ ಬಡಗಿಯೂ ನಿಜ ಎಂದಾಗುವುದಿಲ್ಲ ಎಂದು ಅವರೇ ಹೇಳಿದರು. ಕತೆಯಲ್ಲಿ ತೋಮ ಅಲ್ಲಿಂದ ಮುಂದೆ ಮಜ್ದಾಯಿ ಎಂಬ ಇನ್ನೊಬ್ಬ ರಾಜನ ಊರಿಗೆ ಹೋಗಿ, ರಾಣಿಯ ಮನಸ್ಸು ತಿರುಗಿಸಿದ ಎಂಬ ಸಿಟ್ಟಿಗೆ ಗುರಿಯಾಗಿ, ಗುಡ್ಡದ ಮೇಲೆ ನಾಲ್ವರು ಸೈನಿಕರ ಈಟಿಗೆ ಬಲಿಯಾಗುತ್ತಾನೆ. ಮೈಲಾಪುರದ ಹೆಸರು ಆ ಪುಸ್ತಕದಲ್ಲಿ ಇಲ್ಲ.

"ಹಾಗಾದ್ರೆ ಮೂಳೆ ಎಲ್ಲುಂಟು ಮಾರಾಯ್ರೆ?" ಬಾಯಮ್ಮ ನೇರ ಕೇಳಿದರು.

"ಅಮ್ಮಾ, ಅದು ನಮಗಿಂತ ಜಾಸ್ತಿ ಊರು ಸುತ್ತಿದೆ" ಎಂದರು ಗೈಡು. ನಾಲ್ಕನೇ ಶತಮಾನದಲ್ಲೇ ಎಡೆಸ್ಸಾದಲ್ಲಿ ತೋಮನ ಸಮಾಧಿಗೆ ಯಾತ್ರಿಕರು ಹೋಗುತ್ತಿದ್ದರು. ಭಾರತದಿಂದ ಒಬ್ಬ ವ್ಯಾಪಾರಿ ಮೂಳೆ ತಂದನೆಂದು ಅಲ್ಲಿಯ ಕವಿ ಎಫ್ರೇಮ್ ಹಾಡಿದ್ದಾನೆ. 1144ರಲ್ಲಿ ಎಡೆಸ್ಸಾ ತುರ್ಕರ ಕೈಸೇರಿದಾಗ ಅವು ಕಿಯೋಸ್ ದ್ವೀಪಕ್ಕೆ, 1258ರಲ್ಲಿ ಅಲ್ಲಿಂದ ಒರ್ತೋನಾಕ್ಕೆ. ನನ್ನ ಹದಿನೈದು ಪೈಸೆಯ ಮುಖಕ್ಕೆ ಅಡ್ರೆಸ್ ಸಿಕ್ಕಿತು. ಇಲ್ಲಿ 1523ರಲ್ಲಿ ಪೋರ್ಚುಗೀಸರು ಅಗೆದಾಗಲೂ ಮೂಳೆ, ಈಟಿಯ ಮೊನೆ, ಮಣ್ಣು ತುಂಬಿದ ಪಾತ್ರೆ ಸಿಕ್ಕವು ಎನ್ನುತ್ತಾರೆ. ಅವರಿಗಿಂತ ಬಹಳ ಮುಂಚೆ, 1290ರ ದಶಕದಲ್ಲಿ, ಮಾರ್ಕೊ ಪೋಲೊ ಈ ಸಮಾಧಿಯ ಬಗ್ಗೆ ಬರೆದಿದ್ದಾನೆ: ಜನ ಇಲ್ಲಿಯ ಮಣ್ಣನ್ನು ಜ್ವರದ ಔಷಧಿಗೆ ಒಯ್ಯುತ್ತಾರೆ. ಸಾವಿನ ಕತೆ ಮಾತ್ರ ಅವನದು ಬೇರೆಯೇ. ತೋಮ ಕಾಡಿನಲ್ಲಿ ನವಿಲುಗಳ ನಡುವೆ ಪ್ರಾರ್ಥನೆ ಮಾಡುತ್ತಿದ್ದ, ನವಿಲಿಗೆ ಹೊಡೆದ ಬಾಣ ತಪ್ಪಿ ಅವನಿಗೆ ತಗುಲಿತು ಎನ್ನುತ್ತಾನೆ. ಅಲ್ಲಿಂದ ಒಂದು ನಡಿಗೆಯ ದೂರದಲ್ಲಿ ಕಪಾಲೀಶ್ವರ ದೇವಸ್ಥಾನ, ಪಾರ್ವತಿ ನವಿಲಾಗಿ ಶಿವನನ್ನು ಪೂಜಿಸಿದ ಜಾಗ. ಊರಿಗೆ ಮಯಿಲ್ ಹೆಸರು ಬಂದದ್ದೇ ಹಾಗೆ. ಊರಿನ ನವಿಲು ಸಂತನ ಕತೆಯೊಳಗೂ ನುಗ್ಗಿಬಿಟ್ಟಿದೆ ನೋಡಿ. ಆ ದೇವಸ್ಥಾನ ಮೊದಲು ಸಮುದ್ರದ ದಡದಲ್ಲಿತ್ತು, ಪೋರ್ಚುಗೀಸರ ಕಾಲದಲ್ಲಿ ಹಾಳಾಗಿ ಈಗಿನ ಜಾಗದಲ್ಲಿ ಕಟ್ಟಿದರು ಎಂಬ ಮಾತನ್ನೂ ಗೈಡು ಮುಚ್ಚಿಡಲಿಲ್ಲ. ಪಾಂಪ್ಲೆಟ್ಟಿನಲ್ಲಿ ಇದರ ಸುದ್ದಿಯೇ ಇಲ್ಲ.

ಚಿನ್ನಮಲೈಗೆ ಹೆಚ್ಚು ಹೇಳುವುದಿಲ್ಲ. ತೋಮ ಅಡಗಿದ್ದನೆನ್ನುವ ಗುಹೆ, ಬಗ್ಗಿ ನುಗ್ಗಬೇಕು, ಮಂಡಿನೋವಿನವರು ಯೋಚಿಸಿ. ಬಂಡೆಯಲ್ಲಿ ಕೈಗುರುತು, ಬತ್ತದ ಒರತೆ, ಪಕ್ಕದಲ್ಲಿ ದುಂಡಗಿನ ಹೊಸ ಚರ್ಚು. ಜಾಗ ಸಣ್ಣದು, ಅರ್ಧ ಗಂಟೆ ಸಾಕು, ಅರ್ಧ ಗಂಟೆಯೇ ಕೊಟ್ಟರು.

ಇನ್ನು ಕಂಪನಿಯ ಎರಡು ಸ್ಟಾರಿನ ವಿಷಯ. ಚಿನ್ನಮಲೈಯಿಂದ ಪರಂಗಿಮಲೈ ಗುಡ್ಡಕ್ಕೆ ಹೋಗುವುದು ಬಿಟ್ಟು ವ್ಯಾನು ಸೀದಾ ಒಂದು ಕರಕುಶಲ ಎಂಪೋರಿಯಮ್ಮಿನ ಮುಂದೆ ನಿಂತಿತು. ಪ್ರೋಗ್ರಾಮಿನಲ್ಲಿ ಇದು ಇರಲಿಲ್ಲ. ಮುತ್ತಿನ ಸರ, ಚಂದನದ ಆನೆ, ಬಾಗಿಲಲ್ಲಿ ಕೂಲ್ ಡ್ರಿಂಕ್ಸ್ ಹಿಡಿದು ನಿಂತ ಹುಡುಗ. ಮುಕ್ಕಾಲು ಗಂಟೆ ಅಲ್ಲಿ ಹೋಯಿತು. ಗೈಡು ಒಳಗೆ ಬರಲೇ ಇಲ್ಲ, ಹೊರಗೆ ನಿಂತು ಬೀಡಿ ಸೇದುತ್ತಿದ್ದರು. ಆಮೇಲೆ ಊಟ. ಮೀಲ್ಸ್ ಎಂದರೆ ತಣ್ಣಗಿನ ಅನ್ನ, ನೀರು ಸಾರು, ಮೊಸರಿಗೆ ಬೇರೆ ದುಡ್ಡು. ಬಾಯಮ್ಮ ಮೀನಿನ ಆಸೆಯಲ್ಲಿದ್ದರು, ಪಾಪ. ಇದರಿಂದಾಗಿ ಗುಡ್ಡ ಮುಟ್ಟಿದಾಗ ಎರಡು ದಾಟಿತ್ತು. ಚೆನ್ನೈನ ಮಧ್ಯಾಹ್ನದ ಬಿಸಿಲನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಅಲ್ಲಿಗೆ ಕೊಟ್ಟದ್ದು ಇಪ್ಪತ್ತೈದು ನಿಮಿಷ, ಆಮೇಲೆ ಡ್ರೈವರ್ ಹಾರ್ನ್ ಹೊಡೆಯಲು ಶುರು.

ಇದಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿದದ್ದು, ಯಾಕೆಂದರೆ ಕಲ್ಲಿನ ಸಾಕ್ಷಿ ಇರುವುದು ಆ ಗುಡ್ಡದ ಮೇಲೆ. 1547ರಲ್ಲಿ ಪೋರ್ಚುಗೀಸರು ಚರ್ಚಿಗೆ ಪಾಯ ತೆಗೆಯುವಾಗ ಕಲ್ಲಿನ ಶಿಲುಬೆಯೊಂದು ಸಿಕ್ಕಿತು, ಸುತ್ತ ಅಕ್ಷರಗಳು. ಈಗ ಅದು ಬಲಿಪೀಠದ ಹಿಂದಿದೆ. 1558ರ ಡಿಸೆಂಬರ್ 18ರಂದು ಪೂಜೆಯ ಹೊತ್ತಿಗೆ ಆ ಕಲ್ಲು ರಕ್ತದ ಬೆವರು ಬೆವರಿತು, 1704ರವರೆಗೆ ಆಗಾಗ ಬೆವರುತ್ತಿತ್ತು ಎಂಬ ನಂಬಿಕೆ ಇದೆ. ಅಕ್ಷರ ಓದಿಸಲು ಪೋರ್ಚುಗೀಸರು ಒಬ್ಬ ಪಂಡಿತರನ್ನು ಕರೆಸಿದರಂತೆ. ಅವರು ಅದರಲ್ಲಿ ತೋಮನ ಇಡೀ ಚರಿತ್ರೆಯನ್ನೇ ಓದಿಬಿಟ್ಟರು! ನಿಜ ಏನೆಂದರೆ ಅದು ಪಹ್ಲವಿ, ಹಳೆಯ ಪರ್ಷಿಯಾದ ಬರಹ, ಬೆರಳೆಣಿಕೆಯ ಪದಗಳ ಸಣ್ಣ ಪ್ರಾರ್ಥನೆ. ಇದನ್ನು ಪಹ್ಲವಿ ಎಂದು ತೋರಿಸಿಕೊಟ್ಟವನು ಎ.ಸಿ. ಬರ್ನೆಲ್, ಮಂಗಳೂರಿನಲ್ಲಿ ಜಡ್ಜ್ ಆಗಿದ್ದವನು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದ ಅದೇ ಬರ್ನೆಲ್. ಅವನ ಆ ಬರಹ ಅಚ್ಚಾದದ್ದೂ ಮಂಗಳೂರಿನಲ್ಲಿ, 1873ರಲ್ಲಿ. ಕಲ್ಲು ತೋಮನಿಗಿಂತ ಶತಮಾನಗಳಷ್ಟು ಈಚಿನದು. ಆದರೆ ಪೋರ್ಚುಗೀಸರಿಗಿಂತ ಎಷ್ಟೋ ಮುಂಚೆ ಪರ್ಷಿಯಾದ ನಂಟಿನ ಕ್ರೈಸ್ತರು ಈ ದಡದಲ್ಲಿ ಇದ್ದರು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ನನ್ನ ಮಟ್ಟಿಗೆ ಬೆವರಿನ ಪವಾಡಕ್ಕಿಂತ ಇದು ದೊಡ್ಡದು. ಬಾಯಮ್ಮನಿಗೆ ಹಾಗನ್ನಿಸಲಿಲ್ಲ, ಅವರು ಶಿಲುಬೆಯ ಎದುರು ಮೇಣದಬತ್ತಿ ಹಚ್ಚುವ ಜಾಗ ಹುಡುಕುತ್ತಿದ್ದರು.

ವ್ಯಾನು ಮೇಲಿನವರೆಗೂ ಹೋಗುತ್ತದೆ. ಮೆಟ್ಟಿಲಿಳಿಯಲು ಸಿದ್ಧರಿದ್ದವರನ್ನು ಗೈಡು ಕಾಲ್ನಡಿಗೆಯಲ್ಲಿ ಇಳಿಸಿದರು. ನಾನು ಹೊರಟೆ. ನೂರಕ್ಕೂ ಹೆಚ್ಚು ಮೆಟ್ಟಿಲು. 1726ರಲ್ಲಿ ಪೆಟ್ರಸ್ ಉಸ್ಕಾನ್ ಎಂಬ ಆರ್ಮೇನಿಯದ ವ್ಯಾಪಾರಿ ಕಟ್ಟಿಸಿದ್ದು, ಯಾತ್ರಿಕರಿಗಾಗಿ ಸೈದಾಪೇಟೆಯಲ್ಲಿ ಅಡಯಾರ್ ಹೊಳೆಗೆ ಸೇತುವೆ ಹಾಕಿಸಿದವನೂ ಅವನೇ. ಇದೇ ಗುಡ್ಡದ ಬುಡದ ಬಯಲಿನಲ್ಲಿ 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಸರಪಳಿ ಹಿಡಿದು ಏಳೂವರೆ ಮೈಲಿ ಅಳೆದು ಭಾರತದ ಮಹಾ ಸರ್ವೆಗೆ ಬುನಾದಿ ಹಾಕಿದ್ದು. ಅದಕ್ಕೂ ಮೂರು ವರ್ಷ ಮುಂಚೆ ಅವನು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧ ಕಾದಾಡಿದವನು. ಇಷ್ಟೆಲ್ಲವನ್ನೂ ಗೈಡು ಮೆಟ್ಟಿಲಿಳಿಯುತ್ತಾ ಏದುಸಿರಿನಲ್ಲಿ ಹೇಳಬೇಕಾಯಿತು, ಮೇಲೆ ಹೊತ್ತೇ ಇರಲಿಲ್ಲವಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಬಾಯಮ್ಮ ತಮ್ಮ ಊರಿನ ಪಾಲು ಕೇಳಿದರು. "ತೋಮಾಸ್ ನಿಮಗಾಯ್ತು. ನಮ್ಮ ಕಲ್ಯಾಣಪುರಕ್ಕೆ ಬಾರ್ತೊಲೊಮೆವ್ ಬಂದದ್ದು ಹೌದಾ?" ಬಾರ್ತೊಲೊಮೆವ್ ಎಂದರೆ ಏಸುವಿನ ಇನ್ನೊಬ್ಬ ಶಿಷ್ಯ. ಗೈಡಿಗೆ ಅದೂ ಗೊತ್ತಿತ್ತು. ನಾಲ್ಕನೇ ಶತಮಾನದಲ್ಲಿ ಚರ್ಚಿನ ಚರಿತ್ರೆ ಬರೆದ ಯುಸೇಬಿಯಸ್, ಅಲೆಕ್ಸಾಂಡ್ರಿಯಾದ ಪಂಟೇನಸ್ ಎಂಬವನು ಭಾರತಕ್ಕೆ ಹೋದಾಗ ಬಾರ್ತೊಲೊಮೆವ್ ಬಿಟ್ಟುಹೋದ ಮತ್ತಾಯನ ಸುವಾರ್ತೆ, ಹೀಬ್ರೂ ಲಿಪಿಯದು, ಅಲ್ಲಿಯವರ ಬಳಿ ಇತ್ತು ಎನ್ನುತ್ತಾನೆ. ಅದೇ ಯುಸೇಬಿಯಸ್ ತೋಮನಿಗೆ ಭಾರತ ಕೊಡುವುದಿಲ್ಲ, ಪರ್ಷಿಯಾದ ಕಡೆಯ ಪಾರ್ಥಿಯಾ ಕೊಡುತ್ತಾನೆ! ಆರನೇ ಶತಮಾನದ ಕಾಸ್ಮಸ್ ಎಂಬ ವರ್ತಕ ಕಲ್ಲಿಯಾನದಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಎಂದು ಬರೆದಿದ್ದಾನೆ. ಆ ಕಲ್ಲಿಯಾನ ಮುಂಬೈ ಬಳಿಯ ಕಲ್ಯಾಣ್ ಎಂದು ಹಲವರು, ಉಡುಪಿಯ ಕಲ್ಯಾಣಪುರ ಎಂದು ಕೆಲವರು. "ನೀವು ಯಾರ ಕಡೆ?" ಎಂದರು ಬಾಯಮ್ಮ. "ನಾನು ಕೆಜಿಎಫ್ ಕಡೆ ಅಮ್ಮಾ" ಎಂದರು ಗೈಡು. ವ್ಯಾನು ನಕ್ಕಿತು.

ಬುಕ್ ಮಾಡುವವರಿಗೆ: ಕನ್ನಡ ಬರುವ ಗೈಡು ಬೇಕೆಂದು ಮೊದಲೇ ಕೇಳಿ, ಇರುತ್ತಾರೆ. ಎಂಪೋರಿಯಂ ಬೇಡ ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಗುಡ್ಡ ಬೆಳಿಗ್ಗೆ ಮೊದಲು ಇರಲಿ ಎಂದು ಪಟ್ಟು ಹಿಡಿಯಿರಿ, ಅವರು ಒಪ್ಪದಿದ್ದರೆ ಬಿಟ್ಟುಬಿಡಿ. ಚಿನ್ನಮಲೈಗೂ ಸೇಂಟ್ ಥಾಮಸ್ ಮೌಂಟಿಗೂ ಮೆಟ್ರೊ ಇದೆ, ಸಾಂತೋಮಿಗೆ ಮೈಲಾಪುರದಿಂದ ಆಟೊ ಸಿಗುತ್ತದೆ. ಮೂವರು ಸೇರಿ ಹೋದರೂ ಒಬ್ಬರ ಟಿಕೆಟ್ ದುಡ್ಡಿಗಿಂತ ಬಹಳ ಕಮ್ಮಿಯಲ್ಲಿ ಮುಗಿಯುತ್ತದೆ. ಜುಲೈ 3 ತೋಮಸರ ಹಬ್ಬ. ಭಕ್ತಿಯಿಂದ ಹೋಗುವವರಿಗೆ ಅದು ಸರಿ, ನೋಡಲು ಹೋಗುವವರು ಬೇರೆ ದಿನ ಇಟ್ಟುಕೊಳ್ಳಿ. ಊಟ ಮಾತ್ರ ಪ್ಯಾಕೇಜಿನದು ಬೇಡ, ಮೈಲಾಪುರದಲ್ಲೇ ಟಿಫನ್ ಗಟ್ಟಿಯಾಗಿ ಮಾಡಿ ಹೊರಡಿ.